ನೆರಳಿಗೆ ಯಾವುದು, ಬಿಸಿಲಿಗೆ ಯಾವುದು

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ, ಕೋಥರೂಡದಲ್ಲಿ ಮಾಡಿದ ಮಾತಿನ ಬರಹ ರೂಪ)



ಕಳೆದ ಸಭೆಯಲ್ಲಿ ರೇಷ್ಮೆ ಸೀರೆಗಳನ್ನು ಕಾಪಾಡುವ ಬಗ್ಗೆ ಬಹಳ ಚೆನ್ನಾಗಿ ಮಾತಾಯಿತು. ಈ ಸಲ ನನ್ನ ಪಾಲಿಗೆ ಬಂದ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಆಗಲೇ ನಕ್ಕಿದ್ದೀರಿ. ಸರ್ಫಿಂಗ್ ಮಾಡಿ ಬಂದ ಮೇಲೆ ವೆಟ್‌ಸೂಟನ್ನು ತೊಳೆದು ಒಣಗಿಸುವುದು ಹೇಗೆ ಎಂಬುದು ವಿಷಯ. ಕೋಥರೂಡದಲ್ಲಿ ಸಮುದ್ರ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಮಗಿರುವುದು ವೇತಾಳ ಟೇಕಡಿ, ಮತ್ತು ಆಗಾಗ ಬಂದ್ ಆಗುವ ನಳದ ನೀರು. ಆದರೆ ಈ ಕೋಣೆಯಲ್ಲಿ ಕೂತಿರುವವರಲ್ಲಿ ಕಡಿಮೆಯೆಂದರೆ ಐದಾರು ಮನೆಯ ಮಕ್ಕಳು ದೀಪಾವಳಿ ರಜೆಯಲ್ಲಿ ಮಾಲವಣ, ತಾರ್ಕರ್ಲಿಗೆ ಹೋಗಿ ಸ್ಕೂಬಾ ಮಾಡಿ ಬಂದಿದ್ದಾರೆ. ಇನ್ನು ಕೆಲವರ ಮಕ್ಕಳು ಕ್ಯಾಲಿಫೋರ್ನಿಯಾದಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದಾರೆ. ಬಾಣಂತನಕ್ಕೆಂದು ಆರು ತಿಂಗಳು ಅಲ್ಲಿಗೆ ಹೋದಾಗ ಒಗೆಯುವ ಯಂತ್ರ ನಿಮ್ಮ ವಶಕ್ಕೆ ಬರುತ್ತದೆ. ಅಳಿಯನ ಆ ಕಪ್ಪು ಅಂಗಿಯನ್ನು ಬೆಡ್‌ಶೀಟಿನ ಜೊತೆ ಯಂತ್ರಕ್ಕೆ ಹಾಕಿ, ಆಮೇಲೆ ಡ್ರೈಯರಿನಲ್ಲಿ ತಿರುಗಿಸಿ ತೆಗೆದರೆ ಏನಾಗುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ನನ್ನ ತವರು ಹಳೆಯಂಗಡಿ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ಹೋದರೆ ಸಸಿಹಿತ್ಲು, ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಸಮುದ್ರ ಸೇರುವ ಜಾಗ. ನಾನು ಚಿಕ್ಕವಳಿದ್ದಾಗ ಹೆಂಗಸರು ಸಮುದ್ರಕ್ಕೆ ಇಳಿಯುತ್ತಿದ್ದದ್ದು ಎಳ್ಳಮಾವಾಸ್ಯೆಯ ಸ್ನಾನಕ್ಕೆ ಮಾತ್ರ, ಅದೂ ಮೊಣಕಾಲು ಮಟ್ಟದ ನೀರಿನಲ್ಲಿ, ಉಟ್ಟ ಸೀರೆಯಲ್ಲೇ ಮೂರು ಮುಳುಗು. ಬೆಸ್ತರ ಮನೆಯ ಹೆಂಗಸರು ದಡದಲ್ಲಿ ಮೀನು ವಿಂಗಡಿಸುತ್ತಿದ್ದರೇ ಹೊರತು ಅವರೂ ಅಲೆಯೊಳಗೆ ಹೋಗುತ್ತಿರಲಿಲ್ಲ. ಅದೇ ದಡದಲ್ಲಿ 2016ರ ಮೇ ಕೊನೆಯಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಪಂದ್ಯ ನಡೆಯಿತು. ಮುಂಗಾರಿಗೆ ಮುಂಚಿನ ದೊಡ್ಡ ಅಲೆಗಳು ಆಗ ಬರುತ್ತವೆ, ಅದಕ್ಕೇ ಆ ಸಮಯ. ಪಕ್ಕದ ಮೂಲ್ಕಿಯಲ್ಲಿ 2004ರಿಂದಲೇ ಮಂತ್ರ ಸರ್ಫ್ ಕ್ಲಬ್ ಇದೆ. ಅದನ್ನು ಕಟ್ಟಿದವರು ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್. ಊರವರ ಬಾಯಲ್ಲಿ ಸರ್ಫಿಂಗ್ ಸ್ವಾಮಿ. ಇನ್ನೂ ಉತ್ತರಕ್ಕೆ, ಉಡುಪಿಯ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವೀಯ ಅವರ ಶಾಕಾ ಸರ್ಫ್ ಕ್ಲಬ್. ಮುಂಬಯಿಯ ಹುಡುಗಿ, ಮಣಿಪಾಲಕ್ಕೆ ಓದಲು ಬಂದು 2007ರಲ್ಲಿ ಅಲೆಯ ಮೇಲೆ ನಿಲ್ಲಲು ಕಲಿತವರು. ನಮ್ಮ ದೇಶದ ಮೊದಲ ವೃತ್ತಿಪರ ಸರ್ಫರ್ ಮಹಿಳೆ ಎಂದು ಅವರನ್ನು ಕರೆಯುತ್ತಾರೆ. ಅಂದರೆ ಈ ಆಟ ಕನ್ನಡ ನಾಡಿಗೆ ಹೊರಗಿನಿಂದ ಬಂದರೂ, ಭಾರತದಲ್ಲಿ ಬೇರು ಬಿಟ್ಟದ್ದು ಮೊದಲಿಗೆ ನಮ್ಮ ಕರಾವಳಿಯಲ್ಲಿಯೇ.

ನನ್ನ ಮಗಳು ಓದಲು ಹೋದ ಎರಡು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದಳು. ಅಲ್ಲಿ ಕಲಿತಳು. ಈಗ ಹಿಂಜವಡಿಯಲ್ಲಿ ಕೆಲಸ. ವರ್ಷಕ್ಕೆ ಮೂರು ನಾಲ್ಕು ಸಲ ಅಜ್ಜಿಮನೆಯ ನೆಪ ಹೇಳಿ ಸಸಿಹಿತ್ಲಿಗೆ ಹೋಗುತ್ತಾಳೆ. ಅಜ್ಜಿಗೆ ಸಿಗುವುದು ಮಧ್ಯಾಹ್ನದ ಊಟದ ಹೊತ್ತಿಗೆ ಮಾತ್ರ.

ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ನಮ್ಮ ಕರಾವಳಿಯ ನೀರು ವರ್ಷದ ಬಹುಪಾಲು 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಲ್ಲಿ ದಪ್ಪ ವೆಟ್‌ಸೂಟ್ ಹಾಕಿದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಸಾಮಾನ್ಯವಾಗಿ ಎಲ್ಲರೂ ತೊಡುವುದು ರ‍್ಯಾಶ್ ಗಾರ್ಡ್, ಅಂದರೆ ಲೈಕ್ರಾದ ತುಂಬುತೋಳಿನ ಬಿಗಿ ಅಂಗಿ. ಆದರೆ ಡಿಸೆಂಬರ್, ಜನವರಿಯ ಬೆಳಗಿನ ಜಾವದ ಗಾಳಿಗೆ ಎರಡು ಗಂಟೆ ನೀರಲ್ಲಿದ್ದರೆ ನಡುಕ ಬರುತ್ತದೆ. ಆಗ 2 ಮಿಲಿಮೀಟರ್ ದಪ್ಪದ ತೆಳು ಸೂಟು ಹಿತ. ಮುರುಡೇಶ್ವರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾಕ್ಕೆ ಇಳಿಯುವವರಿಗೂ ತೆಳು ಸೂಟು ಕೊಡುತ್ತಾರೆ. ಜೆಲ್ಲಿಫಿಶ್ ಮುಟ್ಟಿದರೂ, ಬಂಡೆ ತರಚಿದರೂ ಮೈಗೆ ರಕ್ಷಣೆ. ನಮ್ಮ ಹುಡುಗಿಯರಿಗೆ ಇನ್ನೊಂದು ಅನುಕೂಲವೂ ಇದೆ, ಅದನ್ನು ಯಾಕೆ ಮುಚ್ಚಿಡಬೇಕು. ಕತ್ತಿನಿಂದ ಹಿಮ್ಮಡಿಯವರೆಗೆ ಮೈ ಮುಚ್ಚುವ ಉಡುಪು ಇದ್ದರೆ ಮನೆಯಲ್ಲಿ "ನೀರಿಗೆ ಹೋಗು" ಎಂಬ ಮಾತು ಸ್ವಲ್ಪ ಸುಲಭವಾಗಿ ಬರುತ್ತದೆ. ಮೈ ಮುಚ್ಚಿದರೆ ಮಾತ್ರ ಸಮುದ್ರ ಎಂಬುದು ನನಗೆ ಒಪ್ಪಿಗೆಯಿಲ್ಲ. ಆದರೆ ಬಟ್ಟೆಯ ಕಾರಣಕ್ಕೆ ಈಜನ್ನೇ ಬಿಟ್ಟ ಹೆಣ್ಣುಮಕ್ಕಳನ್ನು ಬಹಳ ನೋಡಿದ್ದೇನೆ.

ಈಗ ಬಟ್ಟೆಯ ಗುಣಕ್ಕೆ ಬರೋಣ. ರೇಷ್ಮೆಯ ಗುಣ ತಿಳಿಯದೆ ರೇಷ್ಮೆ ಒಗೆಯಲು ಹೋಗಬಾರದು, ಇದೂ ಹಾಗೆಯೇ.

ವೆಟ್‌ಸೂಟಿನ ಬಟ್ಟೆ ನಿಯೋಪ್ರೀನ್. 1930ರ ದಶಕದ ಆರಂಭದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತಯಾರಿಸಿದ ಕೃತಕ ರಬ್ಬರು ಅದು. ಸೂಟಿಗೆ ಬಳಸುವ ನಿಯೋಪ್ರೀನ್ ನುಣುಪಾದ ಹಾಳೆಯಲ್ಲ, ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ನೊರೆ ರಬ್ಬರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚೆನ್ನಾಗಿ ಹುದುಗು ಬಂದ ದೋಸೆಯ ಹಾಗೆ. ಅದರ ಎರಡೂ ಬದಿಗೆ ನೈಲಾನಿನ ಹಿಗ್ಗುವ ಬಟ್ಟೆ ಅಂಟಿಸಿರುತ್ತಾರೆ. ನೀರು ನಮ್ಮ ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಆ ಗುಳ್ಳೆಗಳು ಅದಕ್ಕೆ ಅಡ್ಡ ನಿಲ್ಲುತ್ತವೆ. ಸೂಟಿನೊಳಗೆ ನೀರು ಬರುತ್ತದೆ, ಬಂದದ್ದು ಮೈಬಿಸಿಗೆ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ. ಬೆಚ್ಚಗಿರಲು ಮೈ ಒಣಗಿರಬೇಕಿಲ್ಲ ಎಂಬುದನ್ನು 1950ರ ದಶಕದ ಮೊದಲಲ್ಲಿ ಯೋಚಿಸಿದವರು ಬರ್ಕ್ಲಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಸರ್ಫಿಂಗಿನವರ ನಡುವೆ ಅದನ್ನು ಮನೆಮಾತು ಮಾಡಿದವರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ಜ್ಯಾಕ್ ಓನೀಲ್.

ಈ ಗುಳ್ಳೆಗಳಲ್ಲೇ ಸೂಟಿನ ಪ್ರಾಣ. ಹಿಂಡಿದರೆ, ಇಸ್ತ್ರಿ ಮಾಡಿದರೆ, ಬಿಸಿನೀರಿಗೆ ಹಾಕಿದರೆ, ಮಡಿಸಿ ಮೇಲೆ ಭಾರ ಇಟ್ಟರೆ ಅವು ಚಪ್ಪಟೆಯಾಗುತ್ತವೆ. ಹೊರಗಿನಿಂದ ಸೂಟು ಚೆನ್ನಾಗಿಯೇ ಕಾಣುತ್ತದೆ, ಆದರೆ ನೀರಿಗಿಳಿದರೆ ಮೊದಲಿನ ಬೆಚ್ಚಗೆ ಇರುವುದಿಲ್ಲ. ಅಳಿಯನ ಸೂಟಿಗೆ ಡ್ರೈಯರ್ ಮಾಡುವುದು ಇದನ್ನೇ. ಬಿಸಿಗೆ ಅಂಟು ಬಿಡುತ್ತದೆ, ರಬ್ಬರು ಗಡುಸಾಗುತ್ತದೆ.

ಇನ್ನು ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಸೂಟು ಒಂದು ಲೀಟರ್ ನೀರು ಹಿಡಿದುಕೊಂಡು ಬಂದರೆ ಎರಡು ದೊಡ್ಡ ಚಮಚ ಉಪ್ಪನ್ನು ಮನೆಗೆ ತಂದ ಹಾಗೆ. ನೀರು ಆರಿದ ಮೇಲೆ ಉಪ್ಪಿನ ಹರಳು ಹೊಲಿಗೆಯಲ್ಲಿ, ಜಿಪ್ಪಿನ ಹಲ್ಲಿನಲ್ಲಿ, ಬಟ್ಟೆಯ ನೂಲಿನಲ್ಲಿ ಕೂರುತ್ತದೆ. ಮುಂದಿನ ಸಲ ಹಾಕಿಕೊಂಡಾಗ ಕತ್ತಿನ ಸುತ್ತ, ಕಂಕುಳಲ್ಲಿ ಮರಳುಕಾಗದ ಉಜ್ಜಿದ ಹಾಗೆ ಗಾಯ. ಇನ್ನೊಂದು ತೊಂದರೆ ನಮ್ಮ ಅಡುಗೆಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿ ನೀರೊಡೆಯುತ್ತದಲ್ಲ, ಹಾಗೆಯೇ ಉಪ್ಪು ಉಳಿದ ಬಟ್ಟೆಯೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಎಷ್ಟು ದಿನ ನೇತು ಹಾಕಿದರೂ ಕೈಗೆ ಅಂಟಂಟು. ಒಣಗಲಿಲ್ಲ ಎಂದು ಗಾಳಿಯನ್ನು ಬೈಯುತ್ತೇವೆ, ತಪ್ಪು ತೊಳೆಯುವುದರಲ್ಲಿ ಇರುತ್ತದೆ.

ಅದಕ್ಕೆ ಮೊದಲ ತೊಳೆತ ಕಡಲ ದಡದಲ್ಲೇ ಆಗಬೇಕು. ಮಗಳು ಎರಡು ಲೀಟರಿನ ಎರಡು ಬಾಟಲಿ ಸಿಹಿನೀರು ಒಯ್ಯುತ್ತಾಳೆ. ಸೂಟು ಬಿಚ್ಚಿದ ತಕ್ಷಣ ಒಂದು ಸುರಿ ಒಳಗೆ, ಒಂದು ಸುರಿ ಹೊರಗೆ. ಅಜ್ಜಿಮನೆಯ ಬಾವಿಕಟ್ಟೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಬಿಚ್ಚುವಾಗ ಮರಳಿನ ಮೇಲೆ ನಿಂತು ಎಳೆದಾಡಬಾರದು, ಒಂದು ಟಬ್ಬಿನೊಳಗೆ ನಿಂತು ಬಿಚ್ಚಬೇಕು. ಆ ಟಬ್ಬಿನಲ್ಲೇ ಒದ್ದೆ ಸೂಟನ್ನು ಹಾಕಿಕೊಂಡು ಬರಬಹುದು. ಕಾರಿನ ಡಿಕ್ಕಿಯಲ್ಲಿ ಮುಚ್ಚಿ ಬಿಸಿಲಿಗೆ ಬಿಡುವುದು ಬೇಡ, ಒಳಗೆ ಒಲೆಯ ಹಾಗೆ ಕಾಯುತ್ತದೆ.

ಪುಣೆಗೆ ರೈಲಿನಲ್ಲಿ ಬರುವ ರಾತ್ರಿಯದ್ದೇ ದೊಡ್ಡ ಸಮಸ್ಯೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಒದ್ದೆ ಬಟ್ಟೆ ಮರುದಿನ ಬಿಚ್ಚಿದರೆ ಮನೆಯವರೆಲ್ಲ ಮೂಗು ಮುಚ್ಚಬೇಕು. ಸೋಸುಬಟ್ಟೆಯಂಥ ಬಲೆಯ ಚೀಲದಲ್ಲಿ ಸಡಿಲವಾಗಿ ಸುತ್ತಿ, ಅದನ್ನು ಬಾಯಿ ತೆರೆದ ಬಕೆಟ್ಟಿನಲ್ಲಿ ಇಟ್ಟು ಸೀಟಿನ ಕೆಳಗೆ ಇಡಿ. ಸಹಪ್ರಯಾಣಿಕರು ಮೀನು ತಂದಿದ್ದೀರಾ ಎಂದು ಕೇಳುತ್ತಾರೆ, ಕೇಳಲಿ.

ಮನೆಯಲ್ಲಿ ತೊಳೆಯುವಾಗ ಶವರಿನ ಕೆಳಗೆ ಹಿಡಿದು ಹತ್ತು ನಿಮಿಷ ನೀರು ಬಿಡುವುದು ನಮ್ಮ ಕೋಥರೂಡಕ್ಕೆ ಒಪ್ಪುವ ಪದ್ಧತಿಯಲ್ಲ. ಬೇಸಗೆಯಲ್ಲಿ ಟ್ಯಾಂಕರಿಗೆ ಸರದಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಬಕೆಟ್ಟಿನಲ್ಲಿ ತಣ್ಣೀರು ತುಂಬಿ ಸೂಟನ್ನು ಒಳಮೈ ಹೊರಗೆ ಮಾಡಿ ಕಾಲು ಗಂಟೆ ನೆನೆಹಾಕಿ. ಉಪ್ಪು ತಾನೇ ಬಿಡುತ್ತದೆ. ಆ ನೀರು ಚೆಲ್ಲಿ ಇನ್ನೊಂದು ಬಕೆಟ್. ಎರಡನೆಯದಕ್ಕೆ ಒಂದು ಮುಚ್ಚಳ ಮಕ್ಕಳ ಶಾಂಪೂ ಹಾಕಬಹುದು. ಸೂಟಿಗೆಂದೇ ಶಾಂಪೂ ಮಾರುತ್ತಾರೆ, ಇದ್ದರೆ ಅದೇ ಸರಿ. ಒಗೆಯುವ ಪುಡಿ, ಬ್ಲೀಚು, ಬಟ್ಟೆ ಮೆತ್ತಗಾಗಲೆಂದು ಹಾಕುವ ದ್ರವ ಯಾವುದೂ ಬೇಡ. ಬ್ರಷ್ಷಿನ ಕೆಲಸವೂ ಇಲ್ಲಿಲ್ಲ. ಕೈಯಿಂದ ಒತ್ತಿ ಒತ್ತಿ ಬಿಡಬೇಕು, ದೋಸೆಹಿಟ್ಟು ಕಲಸುವಷ್ಟು ಮೃದುವಾಗಿ. ಮೂರನೆಯ ಬಕೆಟ್ ಬರೀ ನೀರು. ಒಟ್ಟು ಮೂರು ಬಕೆಟ್ಟಿನಲ್ಲಿ ಮುಗಿಯುತ್ತದೆ. ಮೊದಲ ಬಕೆಟ್ಟಿನ ಉಪ್ಪುನೀರನ್ನು ತುಳಸಿಗೆ, ಕರಿಬೇವಿಗೆ ಹಾಕಬೇಡಿ, ಗಿಡ ಸುಡುತ್ತದೆ. ಶೌಚಾಲಯಕ್ಕೆ ಸುರಿಯಿರಿ.

ಮೂತ್ರದ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲಿ ನಾವು ನಾವೇ ಇದ್ದೇವೆ. ತಣ್ಣೀರಿನಲ್ಲಿ ಎರಡು ಗಂಟೆ ಇದ್ದವರಿಗೆ ತಡೆಯಲಾಗುವುದಿಲ್ಲ. ಮೈಗಂಟಿದ ಸೂಟು ಬಿಚ್ಚಿ ಹಾಕಲು ಅರ್ಧ ಗಂಟೆ ಬೇಕು, ನಮ್ಮ ಕಡಲತೀರಗಳಲ್ಲಿ ಹೆಂಗಸರಿಗೆ ಶೌಚಾಲಯ ಎಲ್ಲಿದೆ? ನೀರಲ್ಲೇ ಆಗುತ್ತದೆ. ಇಡೀ ಜಗತ್ತಿನ ಸರ್ಫರುಗಳು ಹೀಗೆಯೇ, ನಾಚುವಂಥದ್ದೇನೂ ಇಲ್ಲ. ಅಲ್ಲೇ ಕತ್ತಿನ ಹತ್ತಿರ ಸೂಟನ್ನು ಎಳೆದು ಒಂದೆರಡು ಸಲ ಸಮುದ್ರದ ನೀರು ಒಳಗೆ ಹರಿಸಬೇಕು. ಮನೆಗೆ ಬಂದು ಅದೇ ದಿನ ನೆನೆಹಾಕಬೇಕು. ಮರುದಿನಕ್ಕೆ ಇಟ್ಟರೆ ವಾಸನೆ ಒಳಬಟ್ಟೆಗೆ ಹಿಡಿಯುತ್ತದೆ, ಆಮೇಲೆ ಯಾವ ಶಾಂಪೂವೂ ಪೂರ್ತಿ ತೆಗೆಯುವುದಿಲ್ಲ. ಮೂತ್ರ ಬಿಸಿಲಿಗೆ ಹೋಗಲಿ ಎಂದು ಒಣಹಾಕುವವರೂ ಇದ್ದಾರೆ. ಬಿಸಿಲು ವಾಸನೆ ಕಡಿಮೆ ಮಾಡಬಹುದು, ಜೊತೆಗೆ ಸೂಟನ್ನೂ ತಿನ್ನುತ್ತದೆ.

ಒಣಗಿಸುವ ವಿಷಯಕ್ಕೆ ಬಂದೆವು. ನೀರು ತೊಟ್ಟಿಕ್ಕುವ ಸೂಟು ಬಹಳ ಭಾರ. ಕಬ್ಬಿಣದ ತಂತಿಯ ಹ್ಯಾಂಗರಿಗೆ ಹೆಗಲಿನಿಂದ ನೇತು ಹಾಕಿದರೆ ಆ ಭಾರಕ್ಕೆ ಹೆಗಲು ಜಗ್ಗಿ ಉದ್ದವಾಗುತ್ತದೆ, ತಂತಿ ತುಕ್ಕು ಹಿಡಿದು ಕಲೆಯೂ ಆಗುತ್ತದೆ. ಮಗಳ ಗೆಳತಿಯ ಸೂಟಿಗೆ ಹಾಗಾಗಿ ಈಗ ಹೆಗಲಲ್ಲಿ ಎರಡು ಜೋಳಿಗೆ ಬಂದಿವೆ. ಸೂಟನ್ನು ಸೊಂಟದಲ್ಲಿ ಅರ್ಧಕ್ಕೆ ಮಡಿಸಿ, ದಪ್ಪ ಕೋಲಿನ ಮೇಲೆ, ಕಾಲು ಒಂದು ಕಡೆ ಕೈ ಒಂದು ಕಡೆ ಬರುವಂತೆ ಹಾಕಬೇಕು. ಪುಣೆಯ ಫ್ಲ್ಯಾಟುಗಳಲ್ಲಿ ಚಾವಣಿಗೆ ಕಟ್ಟಿ ಹಗ್ಗ ಎಳೆದು ಏರಿಸುವ ಸರಳುಗಳಿರುತ್ತವಲ್ಲ, ಅವು ಬಹಳ ತೆಳು, ಗುರುತು ಬೀಳುತ್ತದೆ. ಎರಡು ಸರಳಿನ ಮೇಲೆ ಹಳೆಯ ಟವೆಲ್ ಸುತ್ತಿ ಹಾಕಿ. ಮೊದಲು ಒಳಮೈ ಹೊರಗೆ ಇರಲಿ. ಒಳಗೆ ಒಣಗಿದ ಮೇಲೆ ತಿರುಗಿಸಿ ಹೊರಮೈ. ಗಡಿಬಿಡಿಯಾದರೂ ಒಳಮೈ ಒಣಗಿದ್ದರೆ ಮರುದಿನ ಹಾಕಿಕೊಳ್ಳುವವರಿಗೆ ತಣ್ಣಗೆ ಅಂಟುವುದಿಲ್ಲ.

ಎಲ್ಲಿ ಹಾಕಬೇಕು? ನೆರಳಲ್ಲಿ, ಗಾಳಿ ಆಡುವ ಕಡೆ. ಬಿಸಿಲಿನ ಅತಿನೇರಳೆ ಕಿರಣ ರಬ್ಬರನ್ನು ಗಡುಸು ಮಾಡಿ ಸಣ್ಣ ಬಿರುಕು ತರುತ್ತದೆ. ಸ್ಕೂಟರಿನ ಹಳೆಯ ಟೈರು ಬಿಸಿಲಲ್ಲಿ ಬಿದ್ದು ಬಿರಿದದ್ದನ್ನು ನೋಡಿದ್ದೀರಿ, ಅದೇ ಕಥೆ. ನಮ್ಮಲ್ಲಿ ಫೆಬ್ರುವರಿಯಿಂದ ಮೇವರೆಗೆ ಗಾಳಿ ಒಣ, ತೆಳು ಸೂಟು ಬಾಲ್ಕನಿಯ ನೆರಳಲ್ಲಿ ಅರ್ಧ ದಿನದಲ್ಲಿ ಒಣಗುತ್ತದೆ. ಜುಲೈಯಲ್ಲಿ ಎರಡು ಮೂರು ದಿನ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಮಂಗಳೂರಿನಲ್ಲಿ ಅದರ ನಾಲ್ಕೈದು ಪಟ್ಟು. ಆದರೂ ಇಲ್ಲಿಯ ಜಿಟಿಜಿಟಿ ಮಳೆಗೆ ಬಟ್ಟೆ ಒಣಗುವುದಿಲ್ಲ ಎಂದು ನಮ್ಮ ಗೋಳು. ಆ ದಿನಗಳಲ್ಲಿ ಕೋಣೆಯೊಳಗೆ ಫ್ಯಾನಿನ ಕೆಳಗೆ ಹಾಕಿ. ಹೀಟರ್ ಎದುರು, ಗೀಸರ್ ಮೇಲೆ ಬೇಡ.

ನಮ್ಮ ಮನೆಯಲ್ಲಿ ಇದನ್ನು ಯಾರ ಪುಸ್ತಕವೂ ಓದದೆ ಹೇಳಿದವರು ನಮ್ಮ ಅತ್ತೆ. ಧಾರವಾಡದವರು, ವಯಸ್ಸು 80ರ ಹತ್ತಿರ. ಸೂಟು ಮೊದಲ ಸಲ ಬಾಲ್ಕನಿಯಲ್ಲಿ ಕಂಡಾಗ, "ಏನವಾ ಇದು, ಯಾರನ್ನ ತೂಗ ಹಾಕೀರಿ?" ಅಂದರು. ಅವರದ್ದು ತಮಾಷೆ. ಎದುರು ಕಟ್ಟಡದವರಿಗೆ ತಮಾಷೆಯಾಗಲಿಲ್ಲ. ಸಂಜೆ ಕತ್ತಲಲ್ಲಿ ಕಪ್ಪು ಕೈಕಾಲು ಗಾಳಿಗೆ ಆಡುವುದು ನೋಡಿ ಯಾರೋ ಹೆದರಿ ಕಾವಲುಗಾರನನ್ನು ಕಳಿಸಿದ್ದರು. ಆತ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಮೆಲ್ಲಗೆ, ಮನೆಯಲ್ಲಿ ಎಲ್ಲರೂ ಸರಿಯಾಗಿದ್ದೀರಾ ಎಂದು ಕೇಳಿದ. ಅಂದಿನಿಂದ ಸೊಂಟಕ್ಕೆ ಮಡಿಸಿ ಹಾಕುವ ಪದ್ಧತಿಗೆ ಇನ್ನೊಂದು ಕಾರಣ ಸಿಕ್ಕಿತು.

ಅತ್ತೆ ಮರುದಿನ ಸೂಟನ್ನು ಮುಟ್ಟಿ, ಮೂಸಿ, ಬೆರಳಲ್ಲಿ ಹಿಸುಕಿ ನೋಡಿದರು. "ಇದು ಮುಕಟಾ ಇದ್ದಂಗ ಅದ ನೋಡವಾ. ಬಿಸಲಿಗೆ ಹಾಕಿದ್ರ ಹಾಳಾಗ್ತದ. ಹಿಂಡಬ್ಯಾಡ, ನೆರಳಾಗ ಹಾಕು" ಅಂದರು. ಅವರ ಕಾಲದಲ್ಲಿ ರೇಷ್ಮೆಯ ಮಡಿಯನ್ನು ಯಾರೂ ಮುಟ್ಟದಂತೆ ಎತ್ತರದ ಗಳುವಿನ ಮೇಲೆ, ಕೋಲಿನಿಂದ ಹರವಿ, ಮನೆಯೊಳಗೆ ಗಾಳಿಗೆ ಒಣಗಿಸುತ್ತಿದ್ದರು. ಮಡಿಯ ನಂಬಿಕೆ ಒಂದು ಕಡೆ ಇರಲಿ, ದಪ್ಪ ಬಿದಿರು, ನೆರಳು, ಹಿಂಡದೆ ಹರವುವುದು, ಮೂರೂ ಈ ಸೂಟಿಗೆ ಬೇಕಾದವೇ. ನಮ್ಮ ಮನೆಯಲ್ಲಿ ಈಗ ಸೂಟಿಗೂ ಒಂದು ಬಿದಿರಿನ ಗಳು ಇದೆ.

ಇಲ್ಲಿಯವರೆಗಿನದು ನನಗೆ ಒಪ್ಪಿಸಿದ ವಿಷಯ. ಆದರೆ ನಾನು ಈ ಮಾತಿಗೆ ಒಪ್ಪಿಕೊಂಡದ್ದು ಬೇರೆಯದೊಂದು ಹೇಳಬೇಕಿತ್ತು ಎಂದು.

ನಮ್ಮ ಮನೆಕೆಲಸಕ್ಕೆ ಬರುವಾಕೆ ಕಲಬುರಗಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತ ಸಂಸಾರ. ಬಸ್ತಿಯಲ್ಲಿ ಒಂದೇ ಕೋಣೆಯ ಮನೆ. ಜುಲೈಯ ಒಂದು ದಿನ ಕೋಣೆಯ ನಡುವೆ ಸೂಟು ಗಳುವಿನ ಮೇಲೆ ಮಲಗಿದೆ, ಮೇಲೆ ಫ್ಯಾನು ತಿರುಗುತ್ತಿದೆ. ನೆಲ ಒರೆಸುತ್ತ ಅವಳು ಅಂದಳು: "ಅಕ್ಕಾರ, ಈ ಅಂಗಿಗಿ ಎಟ್ಟ್ ಜಾಗಾ ಕೊಟ್ಟೀರಿ. ನಮ್ಮವು ಲಂಗದ ಬುಡಕ ಹಾಕ್ತೀವಿ, ಒಣಗ್ಯಾವೋ ಇಲ್ಲೋ ಯಾರ್ ನೋಡ್ತಾರ."

"ನಮ್ಮವು" ಅಂದರೆ ಯಾವುವು ಎಂದು ಈ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಳ ಉಡುಪು, ತಿಂಗಳ ಬಟ್ಟೆ. ಅವಳ ಮನೆಯಲ್ಲಿ ಮಾತ್ರವಲ್ಲ, ನಮ್ಮ ನಿಮ್ಮ ಮನೆಗಳಲ್ಲೂ ಅವು ಒಣಗುವುದು ಎಲ್ಲಿ? ಬಚ್ಚಲಮನೆಯ ಬಾಗಿಲ ಹಿಂದೆ. ಸೀರೆಯ ಮಡಿಕೆಯ ಕೆಳಗೆ. ಒಗೆಯುವ ಯಂತ್ರದ ಪಕ್ಕದ ಕತ್ತಲ ಮೂಲೆಯಲ್ಲಿ. ಮೇಲೆ ಒಂದು ಒದ್ದೆ ಟವೆಲ್ ಮುಚ್ಚಿ. ಗಂಡಸರ ಬನಿಯನ್ನು ಬಾಲ್ಕನಿಯ ಮುಂದಿನ ಸಾಲಿನಲ್ಲಿ ಧ್ವಜದ ಹಾಗೆ ಹಾರುತ್ತಿರುತ್ತದೆ.

ಈ ಲೆಕ್ಕ ಪೂರ್ತಿ ತಲೆಕೆಳಗು. ರಬ್ಬರು, ಲೈಕ್ರಾ, ರೇಷ್ಮೆ ನೆರಳು ಬೇಡುವ ಬಟ್ಟೆಗಳು. ಅವುಗಳನ್ನು ಬಿಸಿಲಿಗೆ ಹಾಕಿ ಕೆಡಿಸುತ್ತೇವೆ. ಹತ್ತಿಯ ಒಳ ಉಡುಪು, ತಿಂಗಳ ಬಟ್ಟೆ ಚುರುಕು ಬಿಸಿಲು ಬೇಡುವಂಥವು. ಅವುಗಳನ್ನು ನೆರಳಲ್ಲಿ ಬಚ್ಚಿಡುತ್ತೇವೆ. ರಬ್ಬರನ್ನು ತಿನ್ನುವ ಅದೇ ಅತಿನೇರಳೆ ಕಿರಣ ರೋಗಾಣುಗಳನ್ನೂ ಕಡಿಮೆ ಮಾಡುತ್ತದೆ. ಬಿಸಿಲಿನ ಬಿಸಿ ಬಟ್ಟೆಯ ನಡುಪದರದ ತೇವವನ್ನೂ ತೆಗೆಯುತ್ತದೆ. ಅರೆ ಒಣಗಿದ ಬಟ್ಟೆ ಮೈಗೆ ಸೇರಿದರೆ ತೊಡೆಸಂದಿಯಲ್ಲಿ ಶಿಲೀಂಧ್ರದ ತುರಿಕೆ, ಗಜಕರ್ಣ, ಕೆಲವರಿಗೆ ಒಳಗಿನ ಸೋಂಕು. ಮಳೆಗಾಲ ಬಂತೆಂದರೆ ಚರ್ಮದ ವೈದ್ಯರ ಹತ್ತಿರ ಹೆಂಗಸರು ಯಾಕೆ ಸಾಲು ನಿಲ್ಲುತ್ತಾರೆ ಎಂದು ಯೋಚಿಸಿ. ನಿಂತವರೂ ಪೂರ್ತಿ ಹೇಳುವುದಿಲ್ಲ, ಅಂಗಡಿಯಿಂದ ಒಂದು ಮುಲಾಮು ತಂದು ಹಚ್ಚಿ ಸುಮ್ಮನಾಗುತ್ತಾರೆ.

ಈಗ ಎಲ್ಲರೂ ಪ್ಯಾಡ್ ಬಳಸುತ್ತಾರೆ, ಬಟ್ಟೆಯ ಮಾತು ಯಾಕೆ ಎನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನ ಬಟ್ಟೆ ಬಳಸುತ್ತೇವೆ ಎಂದಿದ್ದಾರೆ. ಕೆಲವರು ಎರಡನ್ನೂ ಬಳಸುತ್ತಾರೆ. ಕಸ ಕಡಿಮೆಯಾಗಲಿ ಎಂದು ನಮ್ಮ ಮಕ್ಕಳು ಮತ್ತೆ ಒಗೆಯುವ ಬಟ್ಟೆಯ ಪ್ಯಾಡಿಗೆ ಮರಳುತ್ತಿದ್ದಾರೆ, ಒಳ್ಳೆಯದೇ. ಬಟ್ಟೆಯಲ್ಲಿ ದೋಷವಿಲ್ಲ. ತಣ್ಣೀರಿನಲ್ಲಿ ಮೊದಲು ರಕ್ತ ಬಿಡಿಸಿ, ಸಾಬೂನಿನಲ್ಲಿ ಒಗೆದು, ಏನನ್ನೂ ಮೇಲೆ ಮುಚ್ಚದೆ, ಪೂರ್ತಿ ಬಿಸಿಲಿನಲ್ಲಿ ಗರಿಗರಿ ಒಣಗಿಸಿದರೆ ಅದು ಸುರಕ್ಷಿತ. ಬಿಸಿಲಿಲ್ಲದ ದಿನ ಕೊನೆಗೆ ಇಸ್ತ್ರಿಯನ್ನಾದರೂ ಮಾಡಿ. ಸೂಟಿಗೆ ಇಸ್ತ್ರಿ ಬೇಡ ಅಂದೆ, ಇದಕ್ಕೆ ಬೇಕು.

ಅವಳ ಕೋಣೆಗೆ ಬಾಲ್ಕನಿ ಇಲ್ಲ, ಹೊರಗೆ ಹಾಕಿದರೆ ದಾರಿಯಲ್ಲಿ ಹೋಗುವವರ ಕಣ್ಣು. ನಮಗೆ ಅಷ್ಟು ಕಷ್ಟವಿಲ್ಲ. ಹೆಚ್ಚಿನ ಕಟ್ಟಡಗಳಿಗೆ ಗಚ್ಚಿ ಇದೆ, ಅದಕ್ಕೆ ಬೀಗವೂ ಇದೆ. ನಮ್ಮ ಸೊಸಾಯಿಟಿಯಲ್ಲಿ ಬಟ್ಟೆ ಹೊರಗೆ ಕಾಣಬಾರದು ಎಂಬ ನಿಯಮ, ಗಚ್ಚಿಯ ಕೀಲಿ ಕಾರ್ಯದರ್ಶಿಯ ಹತ್ತಿರ. ನಾವು ಏಳು ಜನ ಹೆಂಗಸರು ಸೇರಿ ಒಂದು ಅರ್ಜಿ ಬರೆದೆವು: ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಗಚ್ಚಿ ತೆರೆದಿರಬೇಕು, ಅಲ್ಲಿ ನಾಲ್ಕು ಹಗ್ಗ ಕಟ್ಟಬೇಕು, ಮನೆಕೆಲಸದವರೂ ತಮ್ಮ ಬಟ್ಟೆ ತಂದು ಹಾಕಬಹುದು. ಮೊದಲೆರಡು ಅಂಶಕ್ಕೆ ಯಾರೂ ಬೇಡ ಅನ್ನಲಿಲ್ಲ. ಮೂರನೆಯದಕ್ಕೆ ಸಭೆಯಲ್ಲಿ ಒಂದು ಗಂಟೆ ಚರ್ಚೆಯಾಯಿತು. ಕಳ್ಳತನ, ಲಿಫ್ಟು, ಅಪರಿಚಿತರು, ಎಲ್ಲ ಬಂತು. ಇಡೀ ದಿನ ನಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಇರುವಾಕೆ ಗಚ್ಚಿಗೆ ಹೋದ ಕೂಡಲೇ ಅಪರಿಚಿತಳಾಗುತ್ತಾಳೆಯೇ ಎಂದು ನಮ್ಮ ಅತ್ತೆ ಕೇಳಿದರು. ಸದ್ಯ ಆರು ತಿಂಗಳ ಮಟ್ಟಿಗೆ ಒಪ್ಪಿದ್ದಾರೆ. ನಿಮ್ಮ ನಿಮ್ಮ ಸೊಸಾಯಿಟಿಗಳಲ್ಲಿ ಕೇಳಿ ನೋಡಿ. ಅರ್ಜಿಯ ಪ್ರತಿ ನನ್ನ ಹತ್ತಿರ ಇದೆ, ಮರಾಠಿಯಲ್ಲಿ.

ಇನ್ನು ಉಳಿದ ಸಣ್ಣ ಸಂಗತಿಗಳು. ಮೊಮ್ಮಕ್ಕಳು ಈಜುಕೊಳಕ್ಕೆ ಹೋಗುವವರು ಇಲ್ಲಿ ಬಹಳ ಇದ್ದೀರಿ. ಈಜುಡುಗೆಯ ಲೈಕ್ರಾವನ್ನು ಕೆಡಿಸುವುದು ಕೊಳದ ಕ್ಲೋರಿನ್. ಕೊಳಕ್ಕೆ ಇಳಿಯುವ ಮುಂಚೆ ಸಿಹಿನೀರಲ್ಲಿ ಉಡುಗೆ ಒದ್ದೆ ಮಾಡಿಕೊಂಡರೆ ಅದು ಕೊಳದ ನೀರನ್ನು ಕಡಿಮೆ ಹೀರುತ್ತದೆ. ಹೊರಬಂದ ಕೂಡಲೇ ತೊಳೆದು, ಹಿಂಡದೆ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಲ್ಲಿ ಹಾಕಿ. ಮಗುವನ್ನು ಒದ್ದೆ ಉಡುಗೆಯಲ್ಲೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರಬೇಡಿ, ಅಲ್ಲೇ ಒಣಬಟ್ಟೆ ತೊಡಿಸಿ.

ಪ್ರವಾಸದಲ್ಲಿ ಬಾಡಿಗೆಗೆ ಕೊಡುವ ಸೂಟನ್ನು ಹಾಕುವ ಮೊದಲು ಒಳಗೆ ತಿರುಗಿಸಿ ಮೂಸಿ. ಹುಳಿ ವಾಸನೆ ಬಂದರೆ, ಅಂಟಂಟಾಗಿದ್ದರೆ, ಬೇರೆ ಕೊಡಿ ಎಂದು ಕೇಳಲು ಸಂಕೋಚ ಬೇಡ. ಒಳಗೆ ನಿಮ್ಮದೇ ಈಜುಡುಗೆ ತೊಟ್ಟಿರಿ.

ಒಣಗಿದ ಸೂಟನ್ನು ಕಪಾಟಿನಲ್ಲಿ ಇಡುವುದಾದರೆ ಮಡಿಸಿ ಒತ್ತಿ ಇಡಬೇಡಿ, ಸಡಿಲವಾಗಿ ಸುರುಳಿ ಸುತ್ತಿ ಅಥವಾ ಅಗಲ ಹೆಗಲಿನ ಮರದ ಹ್ಯಾಂಗರಿಗೆ ಹಾಕಿ. ಒಣಗಿದ ಮೇಲೆ ಭಾರವಿಲ್ಲ, ಹೆಗಲು ಜಗ್ಗುವುದಿಲ್ಲ. ಜಿಪ್ಪು ಮುಚ್ಚಿರಲಿ, ಹಲ್ಲುಗಳಿಗೆ ಒಂದು ಸಲ ಮೇಣದ ಬತ್ತಿ ಸವರಿದರೆ ಸರಾಗವಾಗಿ ಓಡುತ್ತದೆ. ಉಗುರು ತಾಗಿ ಸಣ್ಣ ಸೀಳು ಬಿದ್ದರೆ ಸೂಜಿದಾರ ತೆಗೆಯಬೇಡಿ, ಸೂಜಿಯ ಪ್ರತಿ ತೂತಿನಿಂದಲೂ ನೀರು ಬರುತ್ತದೆ. ಅದಕ್ಕೆಂದೇ ನಿಯೋಪ್ರೀನ್ ಅಂಟು ಸಿಗುತ್ತದೆ. ಪೂರ್ತಿ ಒಣಗಿದ ಸೀಳಿನ ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಆರಲು ಬಿಟ್ಟು, ಆಮೇಲೆ ಜೋಡಿಸಿ ಒತ್ತಿ ಹಿಡಿಯಬೇಕು. ಉಂಗುರ, ಬಳೆ ತೆಗೆದಿಟ್ಟು ಹಾಕಿಕೊಂಡರೆ ಆ ಸೀಳೇ ಬೀಳುವುದಿಲ್ಲ ಎನ್ನುತ್ತಾಳೆ ಮಗಳು.

ಪ್ರಶ್ನೆಗಳಿದ್ದರೆ ಕೇಳಿ. ಗಚ್ಚಿಯ ಅರ್ಜಿ ಬೇಕಾದವರು ಚಹಾದ ಹೊತ್ತಿಗೆ ನನ್ನ ಹತ್ತಿರ ಬನ್ನಿ.